ಉಪ್ಪುನೀರು, ಬ್ಯಾಟರಿಯಿಂದ ಬಳೆಗೆ ಚಿನ್ನ ಹತ್ತುತ್ತದೆಯೇ? ಒಂದು ಸ್ಪಷ್ಟನೆ

ಉಪ್ಪುನೀರಿನಲ್ಲಿ ಚಿನ್ನದ ಉಂಗುರ, ತಾಮ್ರದ ಬಳೆ ಇಟ್ಟು 9 ವೋಲ್ಟ್ ಬ್ಯಾಟರಿ ಜೋಡಿಸಿದರೆ ಬಳೆ ಚಿನ್ನದ್ದಾಗುತ್ತದೆ ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಲೇಪ ಚೆನ್ನಾಗಿ ಕೂರಬೇಕಾದರೆ ದ್ರಾವಣದಲ್ಲೇ ಚಿನ್ನ ಕರಗಿರಬೇಕು. ಅದಕ್ಕೆ ಕಸುಬಿನವರು ಹೆಚ್ಚಾಗಿ ಬಳಸುವುದು ಪೊಟ್ಯಾಶಿಯಂ ಗೋಲ್ಡ್ ಸಯನೈಡ್. ಅದು ವಿಷ. ಬಳೆಯನ್ನು ಮೈನಸ್ ತುದಿಗೆ ಕಟ್ಟುತ್ತಾರೆ. ಕರೆಂಟ್ ಹರಿದಾಗ ದ್ರಾವಣದ ಚಿನ್ನ ಅಲ್ಲಿ ಎಲೆಕ್ಟ್ರಾನ್ ಪಡೆದು ಲೋಹವಾಗಿ ಅಂಟುತ್ತದೆ. ತಾಮ್ರದ ಮೇಲೆ ನೇರವಾಗಿ ಹಾಕಿದರೆ ದಿನ ಕಳೆದಂತೆ ತಾಮ್ರ ಚಿನ್ನದೊಳಗೆ ಸೇರಿ ಬಣ್ಣ ಕೆಡುತ್ತದೆ. ಹಾಗಾಗಿ ಸಾಮಾನ್ಯವಾಗಿ ಮೊದಲು ನಿಕ್ಕಲ್ ಪದರ ಕೊಡುತ್ತಾರೆ. ಬೆರಳಿನ ಜಿಡ್ಡು ಉಳಿದಿದ್ದರೂ ಸಾಕು, ಆ ಜಾಗದಲ್ಲಿ ಲೇಪ ಸಿಪ್ಪೆ ಏಳುತ್ತದೆ.

ಉಪ್ಪುನೀರಿಗೆ ಕರೆಂಟ್ ಕೊಟ್ಟರೆ ಕ್ಲೋರಿನ್ ಅನಿಲವೂ ಬರಬಹುದು. ಸುಮ್ನೆ ನೋಡೋಣ ಅಂತ ಮಕ್ಕಳ ಕೈಲಿ ಇದನ್ನು ದಯವಿಟ್ಟು ಮಾಡಿಸಬೇಡಿ.