ಓಣಿಯ ಕತ್ತಲು ಹಾಗೇ ಉಂಟು, ದೂರು ಮಾತ್ರ ಆರಿದೆ

ನಮ್ಮ ಓಣಿಯ ಬೀದಿದೀಪ ಸರಿಯಿಲ್ಲ ಅಂತ ಆನ್‌ಲೈನ್ ಮ್ಯಾಪಿನಲ್ಲಿ ದೂರು ಕೊಟ್ಟಿದ್ದೆ. ಈಗಷ್ಟೇ ಮೊಬೈಲ್‌ಗೆ ಮೆಸೇಜ್ ಬಂತು. 'ನಿಮ್ಮ ದೂರನ್ನು ಪರಿಹರಿಸಲಾಗಿದೆ.' ಬರಿಗಾಲಲ್ಲೇ ಗೇಟಿನವರೆಗೆ ಹೋಗಿ ನೋಡಿದೆ. ಎಂತ ಪರಿಹಾರ ಮಾರಾಯ್ರೆ! ಮಂಗಳೂರಿನ ನಮ್ಮ ಪದವಿನಂಗಡಿಯ ಓಣಿಯಲ್ಲಿ ಎದುರಿನ ಕೆಂಪುಕಲ್ಲಿನ ಗೋಡೆಯೂ ಕಾಣುವುದಿಲ್ಲ. ಮಳೆಗೆ ಆ ಮೂರು ಮೆಟ್ಟಿಲಲ್ಲಿ ಪಾಚಿ ಬೇರೆ. ಮೊನ್ನೆ ಪಕ್ಕದ ಮನೆಯ ಬಾಯಮ್ಮ ಜಾರಿದ್ದು ಅಲ್ಲೇ. ಪುಣ್ಯಕ್ಕೆ ಒಡೆದದ್ದು ಹಾಲಿನ ತೊಟ್ಟೆ ಮಾತ್ರ.

ಇದು ಮೂರನೇ ಸಲ. ಪ್ರತಿ ಸಲವೂ ಮ್ಯಾಪ್ ತೆರೆದು, ಪಿನ್ ಊರಿ, ಫೋಟೊ ಹಾಕಿ ಕಳಿಸುತ್ತೇನೆ. (ಕತ್ತಲೆಯ ಫೋಟೊ ಅಂತೆ! ಕಪ್ಪು ಚೌಕ ಬಿಟ್ಟರೆ ಅದರಲ್ಲಿ ಎಂತ ಉಂಟು?) ನಾಲ್ಕು ದಿನ ಕಳೆದರೆ 'ಪರಿಹರಿಸಲಾಗಿದೆ'.

ಮ್ಯಾಪ್ ಮೇಲೆ ನನಗೆ ಸಿಟ್ಟಿಲ್ಲ. ಬ್ರಿಟನ್‌ನಲ್ಲಿ 2007ರಲ್ಲೇ ಮೈಸೊಸೈಟಿ ಎಂಬ ಸಂಸ್ಥೆಯವರು ಬೀದಿಯ ತೊಂದರೆಗಳನ್ನು ಮ್ಯಾಪಿನಲ್ಲಿ ತಿಳಿಸಲು ಫಿಕ್ಸ್‌ಮೈಸ್ಟ್ರೀಟ್ ಅಂತ ವೆಬ್‌ಸೈಟ್ ಶುರು ಮಾಡಿದರು. ಅಲ್ಲಿ ಒಬ್ಬರು ಹಾಕಿದ ಪಿನ್ ನೆರೆಮನೆಯವರಿಗೂ ಕಾಣುತ್ತದೆ. ಅದನ್ನೇ ಅವರು ಮತ್ತೆ ಬರೆಯಬೇಕಿಲ್ಲ. ನಾಲ್ಕು ವಾರ ಆದ ಮೇಲೆ ದೂರು ಕೊಟ್ಟವರಿಗೇ ಮೇಲ್ ಬರುತ್ತದೆ, ಸರಿಯಾಯಿತಾ ಅಂತ. ನಾನು ಕೇಳುವುದೂ ಅಷ್ಟೇ. ನನ್ನ ಓಣಿಯಲ್ಲಿ ಲೈಟ್ ಉರಿಯಿತಾ ಅಂತ ನನ್ನಲ್ಲಿ ಕೇಳಿ. ಆಫೀಸಿನ ಟ್ಯೂಬ್‌ಲೈಟ್ ಕೆಳಗೆ ಕೂತವರಿಗೆ ಅದು ಹೇಗೆ ಗೊತ್ತಾಗಬೇಕು?

ಲೈನ್‌ಮ್ಯಾನ್ ಬಂದದ್ದು ಸುಳ್ಳಲ್ಲ. ಹಗಲು ಹನ್ನೊಂದಕ್ಕೆ ಬಂದಿದ್ದರು. ನಮ್ಮದು ಹಳೇ ಸೋಡಿಯಂ ದೀಪ, ಆ ಹಳದಿ ಬೆಳಕಿನದ್ದು. ವಯಸ್ಸಾದರೆ ಅದಕ್ಕೊಂದು ಚಾಳಿ. ಸಂಜೆ ಹೊತ್ತಿಕೊಳ್ಳುತ್ತದೆ. ಬಿಸಿ ಏರಿದ ಹಾಗೆ ಅದಕ್ಕೆ ಬೇಕಾಗುವ ವೋಲ್ಟೇಜ್ ಜಾಸ್ತಿಯಾಗಿ ಪಕ್ಕನೆ ಆರುತ್ತದೆ. ತಣ್ಣಗಾದ ಮೇಲೆ ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ. ಹಗಲು ಸ್ವಿಚ್ ಹಾಕಿ ನೋಡಿದ್ದಾರೆ, ಉರಿದಿದೆ, ಹೋಗಿದ್ದಾರೆ. ಅವರದ್ದೂ ತಪ್ಪಲ್ಲ. ಫಾರಂನಲ್ಲಿ ಇರುವುದು 'ಉರಿಯುತ್ತಿಲ್ಲ' ಒಂದೇ. 'ಉರಿದು ಆರುತ್ತದೆ' ಅಂತ ಇನ್ನೊಂದು ಸಾಲು ಸೇರಿಸಿದರೆ ಯಾರ ಗಂಟು ಹೋಗುತ್ತದೆ?

'ಇಷ್ಟಕ್ಕೆಲ್ಲ ಮ್ಯಾಪ್ ಯಾಕೆ, ಲೈನ್‌ಮ್ಯಾನ್‌ಗೆ ಒಂದು ಫೋನ್ ಮಾಡು' ಅಂತಾರೆ ನಮ್ಮ ಭಾವ. ಅವರಿಗೇನು, ಅರ್ಧ ಊರಿನ ನಂಬರ್ ಅವರ ಮೊಬೈಲಲ್ಲಿ ಉಂಟು. ಮೇಲಿನ ಮನೆಗೆ ಮೊನ್ನೆ ಬಾಡಿಗೆಗೆ ಬಂದ ನರ್ಸಿಂಗ್ ಹುಡುಗಿಯರು ಯಾರಿಗೆ ಮಾಡಬೇಕು? ನೈಟ್ ಡ್ಯೂಟಿಗೆ ಹೋಗುವವರು ಅವರು, ಭಾವ ಅಲ್ಲ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ, ನಗಬೇಡಿ. ಫಾರಂ ಕಂಬದ ನಂಬರ್ ಕೇಳುತ್ತದೆ. ಅಮೆರಿಕದಲ್ಲಿ ಹಲವು ಕರೆಂಟ್ ಕಂಪನಿಗಳ ಮ್ಯಾಪಿನಲ್ಲಿ ಕಂಬಗಳೇ ಚುಕ್ಕಿಯಾಗಿ ಕಾಣುತ್ತವೆ, ಚುಕ್ಕಿ ಒತ್ತಿದರೆ ಮುಗಿಯಿತು. ಇಲ್ಲಿ ನನ್ನ ಪಿನ್ ಹೋಗಿ ಬಾಯಮ್ಮನ ಹಲಸಿನ ಮರದ ಮೇಲೆ ಕೂರುತ್ತದೆ. ಹಾಗಾಗಿ ನಂಬರ್ ಬೇಕೇ ಬೇಕು. ನಮ್ಮ ಕಂಬದ ನಂಬರ್ ಒಳ್ಳೆಮೆಣಸಿನ ಬಳ್ಳಿಯ ಅಡಿಯಲ್ಲಿದೆ. ಬಳ್ಳಿ ಹಬ್ಬಿಸಿದ್ದು ನಾನೇ. ಕರೆಂಟ್ ಕಂಬಕ್ಕೆ ಬಳ್ಳಿ ಬಿಡಬೇಡಿ ಅಂತ ಬಾಯಮ್ಮ ಮೂರು ವರ್ಷದಿಂದ ಹೇಳುತ್ತಿದ್ದಾರೆ. ನಾಳೆ ಬುಡದಲ್ಲೇ ಕಡಿಯುತ್ತೇನೆ, ಆಯ್ತಾ?

ಅಗೋ, ಕಿಟಕಿಯಲ್ಲಿ ಹಳದಿ ಬೆಳಕು! ವಿಡಿಯೊ ಮಾಡೋಣ ಅಂತ ಓಡಿದೆ. ಚಪ್ಪಲಿ ಸಿಗುವಷ್ಟರಲ್ಲಿ ಆರಿತು. ಈಗ ಗೇಟಲ್ಲಿ ನಿಂತಿದ್ದೇನೆ, ಕೊಡೆ ಹಿಡಿದುಕೊಂಡು, ಅದು ತಣ್ಣಗಾಗಲಿ ಅಂತ.