ಓದು ಓದು ಅಂತೀರಿ, ಹೇಗೆ ಓದಬೇಕು ಅಂತ ಹೇಳಿಕೊಟ್ಟಿದ್ದೀರಾ?

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳಿಗೆ ಇದು ಶಾಲೆಯ ಕೊನೆಯ ವರ್ಷ. ನಾನಿದ್ದ ಎರಡು ಗಂಟೆಯಲ್ಲಿ ಆ ಹುಡುಗಿಯ ಕಿವಿಗೆ 'ಓದು' ಅನ್ನೋ ಮಾತು ಏನಿಲ್ಲವೆಂದರೂ ಹತ್ತು ಸಲ ಬಿತ್ತು. ಅಪ್ಪ ಹೇಳಿದರು, ಅಜ್ಜಿ ಹೇಳಿದರು, ಫೋನ್ ಮಾಡಿದ ಮಾವನೂ ಅದನ್ನೇ ಹೇಳಿದ. ಹೇಗೆ ಓದಬೇಕು ಅಂತ ಒಬ್ಬರೂ ಹೇಳಲಿಲ್ಲ. ಅವತ್ತಿನಿಂದ ಮನಸ್ಸು ಕುದಿಯುತ್ತಿದೆ.

ಅವಳ ಕೋಣೆಗೆ ಹೋದೆ. ವಿಜ್ಞಾನದ ಪುಸ್ತಕ ತೆರೆದಿತ್ತು. ದ್ಯುತಿಸಂಶ್ಲೇಷಣೆಯ ಪಾಠ. ಪುಟದ ತುಂಬ ಹಳದಿ ಹೈಲೈಟರ್, ಅದರ ಮೇಲೆ ಗುಲಾಬಿ. ಬಣ್ಣ ಹಚ್ಚದ ಸಾಲೇ ಇರಲಿಲ್ಲ.

"ಎಷ್ಟು ಸಲ ಓದಿದೀಯ ಪುಟ್ಟಿ?"

"ಐದು ಸಲ ಚಿಕ್ಕಮ್ಮ."

"ಸರಿ, ಪುಸ್ತಕ ಮುಚ್ಚು. ಗಿಡ ಹೊರಗೆ ಬಿಡೋ ಆಮ್ಲಜನಕ ಯಾವುದರಿಂದ ಬರುತ್ತೆ ಹೇಳು."

ತುಂಬ ಹೊತ್ತು ಯೋಚಿಸಿ "ಕಾರ್ಬನ್ ಡೈಆಕ್ಸೈಡ್‌ನಿಂದ" ಅಂದಳು. ಪುಸ್ತಕ ತೆಗೆದು ನೋಡಿದಳು. ನೀರಿನಿಂದ. ಆ ಸಾಲಿಗೆ ಎರಡೂ ಬಣ್ಣ ಬಳಿದಿದ್ದಳು. ಕಣ್ಣು ತುಂಬಿಕೊಂಡು, "ನಾನು ದಡ್ಡಿ ಚಿಕ್ಕಮ್ಮ, ಎಷ್ಟು ಓದಿದ್ರೂ ತಲೆಗೆ ಹತ್ತಲ್ಲ" ಅಂದಳು.

ಈ ಮಾತು ಕೇಳಿ ನನಗೆ ಕರುಳು ಕಿವುಚಿದ ಹಾಗಾಯಿತು. ಐದು ಸಲ ಓದಿದ ಮಗು ಸೋಮಾರಿಯಾ? ದುಡಿದದ್ದಕ್ಕೆ ಫಲ ಕಾಣದಿದ್ದರೆ ದೊಡ್ಡವರೇ ಕೈಚೆಲ್ಲುತ್ತಾರೆ, ಇನ್ನು ಮಕ್ಕಳ ಪಾಡೇನು? ಉತ್ಸಾಹ ಕುಗ್ಗೋದು ಇಲ್ಲೇ. ನಾವು ಅದನ್ನು ನೋಡಿ ಮತ್ತೆ 'ಓದು' ಅಂತೀವಿ.

ಓದಿದ್ದನ್ನೇ ಓದುತ್ತಾ ಹೋದರೆ ಸಾಲುಗಳು ಕಣ್ಣಿಗೆ ಪರಿಚಯವಾಗುತ್ತವೆ. ಪರಿಚಯವಾಗಿದ್ದನ್ನೇ 'ಗೊತ್ತು' ಅಂದುಕೊಳ್ಳುತ್ತೇವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಒಂದು ಪಾಠವನ್ನು ಓದಿ, ಮತ್ತೆ ಅದನ್ನೇ ಓದಿದರು. ಉಳಿದವರು ಒಮ್ಮೆ ಓದಿ, ನೆನಪಿದ್ದಷ್ಟನ್ನು ನೋಡದೆ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಲೆಕೆಳಗಾಗಿತ್ತು. ಮತ್ತೆ ಓದಿದವರಿಗೆ ಶೇ. 42ರಷ್ಟು ನೆನಪಿತ್ತು, ನೋಡದೆ ಬರೆದವರಿಗೆ ಶೇ. 56. ಪರೀಕ್ಷೆ ಐದು ನಿಮಿಷಕ್ಕೆ ಬರಲ್ಲ ಅಲ್ವಾ? 2013ರಲ್ಲಿ ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದ ಇನ್ನೊಂದು ತಂಡ ಕೂಡ ಬಣ್ಣ ಬಳಿಯುವುದನ್ನು, ಮತ್ತೆ ಮತ್ತೆ ಓದುವುದನ್ನು ಕೆಳಗಿಟ್ಟಿತು. ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದನ್ನು, ಒಂದೇ ಸಲಕ್ಕೆ ಓದದೆ ಹಲವು ದಿನಗಳಿಗೆ ಹಂಚಿ ಓದುವುದನ್ನು ಮೇಲಿಟ್ಟಿತು.

"ಹೆದರಿಸದಿದ್ರೆ ಈಗಿನ ಮಕ್ಕಳು ಪುಸ್ತಕ ಮುಟ್ಟಲ್ಲ" ಅಂತ ಭಾವ ವಾದ ಮಾಡಿದರು. ಮುಟ್ಟುತ್ತಾರೆ ನಿಜ, ಹೆದರಿಕೆ ಕುರ್ಚಿಯವರೆಗೆ ಎಳೆದು ತರುತ್ತೆ. ಕೂತ ಮೇಲೆ ಏನು ಮಾಡಬೇಕು ಅಂತ ಅದು ಹೇಳಿಕೊಡುತ್ತಾ? ಹೆದರಿದ ಮಗು ರಾತ್ರಿ ಒಂದು ಗಂಟೆವರೆಗೆ ಸುಮ್ನೆ ಪುಟ ತಿರುವುತ್ತೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆ ಬೇಕು. ಅದನ್ನೂ ಕಿತ್ತುಕೊಂಡು ಜಾಸ್ತಿ ಓದು ಅಂದರೆ ಹೇಗೆ?

ಒಂದು ಮಾತು ಹೇಳಲೇಬೇಕು. ಇಷ್ಟು ವರ್ಷ ಪಾಠ ಮಾಡಿದ ನಾನೂ ಇದೇ ತಪ್ಪು ಮಾಡಿದ್ದೇನೆ. ಕಡಿಮೆ ಅಂಕ ಬಂದ ಒಬ್ಬ ಹುಡುಗ ನನ್ನ ಮೇಜಿನ ಹತ್ತಿರ ಬಂದು "ಓದಿದ್ದೆ ಮಿಸ್" ಅಂದಿದ್ದ. "ಇನ್ನೂ ಎರಡು ಸಲ ಓದು" ಅಂದೆ. ಆಮೇಲೆ ಅವನು ನನ್ನ ಹತ್ತಿರ ಏನನ್ನೂ ಕೇಳಲು ಬರಲಿಲ್ಲ. ಅವನ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಅವತ್ತು ಪುಟ್ಟಿಗೆ ಹೈಲೈಟರ್ ಎತ್ತಿಡು ಅಂದೆ. ಒಂದು ಪುಟ ಓದು, ಪುಸ್ತಕ ಮುಚ್ಚು, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆ, ಆಮೇಲೆ ತೆಗೆದು ತಪ್ಪು ಹುಡುಕು. ಮೊದಲ ಹಾಳೆಯಲ್ಲಿ ನಾಲ್ಕೇ ಸಾಲು ಬಂತು. ಅಳು ಬರುವ ಹಾಗಿದ್ದಳು. ಅಷ್ಟಕ್ಕೆ ಸಾಕು, ಮಲಗು ಅಂದೆ.

ನಿನ್ನೆ ರಾತ್ರಿ ಅವಳಿಂದ ಒಂದು ಫೋಟೋ ಬಂತು. ಹಾಳೆ ತುಂಬ ಅವಳ ಅಕ್ಷರ. ಮೂರು ಕಡೆ ಕೆಂಪು ಪೆನ್ನಿನ ಸುತ್ತು. 'ನೀರಿನಿಂದ ಆಮ್ಲಜನಕ' ಅನ್ನುವ ಸಾಲಿಗೆ ಸುತ್ತಿರಲಿಲ್ಲ. ಕೆಳಗೆ ಸಣ್ಣದಾಗಿ ಬರೆದಿದ್ದಳು: "ಚಿಕ್ಕಮ್ಮ, ನಾಳೆ ಈ ಮೂರು ಮಾತ್ರ ನೋಡ್ಕೋತೀನಿ. ಮಲಗ್ತಿದೀನಿ."