ಶೀಟ್‌ನಲ್ಲಿ 29%, ಪತ್ರದಲ್ಲಿ ಇದೇನಿದು?

ಇವತ್ತು ಸಾಕಾಗಿ ಹೋಯಿತು. ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದು ಕಾಲಮ್ಮನ್ನೂ ಕೂತು ಒಪ್ಪ ಮಾಡಿದ್ದೆ. ಶೇಕಡಾ ಗುರುತು, ಕಾಮಾ, ಚುಕ್ಕಿಯ ನಂತರ ಎರಡೇ ಅಂಕಿ. ಮೇಲ್ ಮರ್ಜ್ ಮಾಡಿ, ಅಂದರೆ ಶೀಟ್‌ನ ಮಾಹಿತಿಯನ್ನು ಪತ್ರದ ಖಾಲಿ ಜಾಗಗಳಿಗೆ ತಾನಾಗಿ ತುಂಬಿಸಿ, ಪತ್ರ ತೆರೆದರೆ, 29% ಇದ್ದ ಕಡೆ 0.28999999999999998! ಕಣ್ಣುಜ್ಜಿಕೊಂಡು ಎಣಿಸಿದೆ. ಚುಕ್ಕಿಯ ನಂತರ ಹದಿನೇಳು ಅಂಕಿ. ಇದನ್ನು ಯಾರ ಕೈಗೆ ಕೊಡಲಿ?

ಕಾರಣ ಗೊತ್ತು. ಗುರುತು, ಕಾಮಾ ಎಲ್ಲ ಸೆಲ್‌ನ ಮೇಲಿನ ಅಲಂಕಾರವಂತೆ. ಮರ್ಜ್ ಎಳೆದುಕೊಳ್ಳುವುದು ಒಳಗಿನ ಬರೀ ಸಂಖ್ಯೆಯನ್ನು. ಆದರೆ ಕಣ್ಣಿಗೆ ಕಂಡದ್ದೇ ಪತ್ರಕ್ಕೂ ಬರಲಿ ಅನ್ನೋದು ಜಾಸ್ತಿ ಆಸೆನಾ? 12,500 ಬಂದು 12500 ಆಗುತ್ತೆ. 00452 ಅನ್ನೋ ಕೋಡ್ ಸೊನ್ನೆ ಕಳೆದುಕೊಂಡು 452 ಆಗುತ್ತೆ. ತಾರೀಖಿನಲ್ಲಿ ತಿಂಗಳು ಮುಂದೆ, ದಿನ ಹಿಂದೆ.

ಸರಿ ಮಾಡಬೇಕಾದರೆ ಪ್ರತಿ ಫೀಲ್ಡ್ ಕೋಡ್ (ಪತ್ರದ ಆ ಜಾಗದಲ್ಲಿ ಯಾವ ಕಾಲಮ್ ಬರಬೇಕು ಅಂತ ಹೇಳೋ ಒಳಗಿನ ಸೂಚನೆ) ಬಿಚ್ಚಿ, ಓರೆಗೆರೆ, ಹ್ಯಾಶ್, ಸೊನ್ನೆ ಅಂತ ಮಂತ್ರ ತುಂಬಬೇಕು. ಶೇಕಡಾ ಆದರೆ ನೂರರಿಂದ ಗುಣಿಸೋ ಕೆಲಸವೂ ನಮ್ಮದೇ. ಗುಣಿಸೋಕೆ ಅಂತಲೇ ಅಲ್ವಾ ಕಂಪ್ಯೂಟರ್ ಇರೋದು? ನನ್ನ ಪತ್ರದಲ್ಲಿ ಇಂಥ ಫೀಲ್ಡ್ ಹದಿನಾಲ್ಕು. ಈಗ ಮೂರನೆಯದರಲ್ಲಿದ್ದೇನೆ.